ರೋಡ್ಸ್ ಊರಲ್ಲಿ ಸಿದ್ದಮ್ಮನಿಗೊಂದು ರೂಮು

ನಮ್ಮ ಲಾಡ್ಜಿನಲ್ಲಿ ರೂಮು ಗುಡಿಸುವ ಸಿದ್ದಮ್ಮ ಗ್ರೀಸ್ ದೇಶಕ್ಕೆ ಹೋಗುತ್ತಾಳಂತೆ ಎಂಬ ಸುದ್ದಿ ನನಗೆ ಸಿದ್ದಮ್ಮನಿಂದ ಬರಲಿಲ್ಲ, ಹಾಲು ಹಾಕುವ ಬೀರನಿಂದ ಬಂತು. ಮೊದಲು ಹೊಟ್ಟೆಗೆ ಬೆಂಕಿ ಬಿದ್ದದ್ದು ಅದಕ್ಕೇ. ಇಪ್ಪತ್ತೊಂದು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಕೈಯಿಂದ ಕಾಫಿ ಇಸಿದುಕೊಂಡು ಕುಡಿಯುವವಳು, ನನ್ನನ್ನು ಬಿಟ್ಟು ಹಾಲಿನವನಿಗೆ ಹೇಳಿದ್ದಾಳೆ!

"ಸಮುದ್ರದ ಮಧ್ಯ ಇರೋ ಊರಂತೆ ಸೌಮ್ಯಕ್ಕ. ವಿಮಾನದಲ್ಲಂತೆ ಹೋಗೋದು," ಎಂದು ಬೀರ ಕಣ್ಣರಳಿಸಿದ.

"ವಿಮಾನದಲ್ಲಿ ಹೋಗ್ದೆ ಇನ್ನೇನು ಎತ್ತಿನ ಗಾಡಿಲಿ ಹೋಗ್ತಾರಾ? ಹಾಲು ನೀರಾಗಿದೆ ಇವತ್ತು, ನೋಡ್ಕೊ," ಎಂದು ಅವನನ್ನು ಸಾಗಹಾಕಿದೆ. ಹಾಲು ಚೆನ್ನಾಗಿಯೇ ಇತ್ತು.

ಸಿದ್ದಮ್ಮ ಹೆಬ್ಬಾಲೆಯವಳು. ಗಂಡ ತೀರಿಕೊಂಡಾಗ ಮಗಳು ಅನುಶ್ರೀ ಇನ್ನೂ ಆರು ವರ್ಷದ ಕೂಸು. ನಮ್ಮ ಮಾವನವರು ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದಲ್ಲಿ ನೆಲೆನಿಂತು, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಈ ಹನ್ನೊಂದು ರೂಮಿನ ಲಾಡ್ಜು ಕಟ್ಟಿಸಿ ಎರಡು ವರ್ಷವಾಗಿತ್ತಷ್ಟೆ. ಒಂದು ತಿಂಗಳು ನೋಡೋಣ ಎಂದು ಸೇರಿಸಿಕೊಂಡೆವು. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ಆದರೂ ನನ್ನನ್ನು ಅಕ್ಕ ಎನ್ನುತ್ತಾಳೆ. ಕುಳ್ಳಗಿನ ಹೆಂಗಸು, ಸೊಂಟಕ್ಕೆ ಬೀಗದ ಕೈ ಗೊಂಚಲು, ಮಾತು ಕಮ್ಮಿ. ಗಿರಾಕಿ ಖಾಲಿ ಮಾಡಿದ ರೂಮಿಗೆ ಕಾಲಿಟ್ಟು ಒಂದು ಸಲ ಮೂಗೆಳೆದರೆ ಸಾಕು, "ಮೂರು ಜನ ಅಂತ ಬರೆಸಿ ಐದು ಜನ ಮಲಗಿದ್ರು ಅಕ್ಕ, ಸ್ಟವ್ ಬೇರೆ ಹಚ್ಚವ್ರೆ," ಎನ್ನುತ್ತಾಳೆ. ಹೋಗಿ ಕೇಳಿದರೆ ಹಾಗೇ ಆಗಿರುತ್ತದೆ.

ಇವಳಿಗೆ ಈ ಗ್ರೀಸಿನ ಹುಚ್ಚು ಹತ್ತಿಸಿದ್ದು ನಮ್ಮನೆಯವರೇ. ಸತೀಶ್ ಲಾಡ್ಜಿನ ಗೋಡೆಗೆಂದು ಮೈಸೂರಿನಿಂದ ಕಟ್ಟು ಹಾಕಿಸಿದ ಹನ್ನೊಂದು ಚಿತ್ರ ತಂದಿದ್ದರು. ಒಂಬತ್ತನೇ ರೂಮಿಗೆ ಬಂದದ್ದು ಒಂದು ಕಲ್ಲಿನ ಓಣಿ. ಎರಡೂ ಕಡೆ ಕೋಟೆಯಂಥ ಗೋಡೆ, ಮೇಲೆ ಕಮಾನು, ಕೆಳಗೊಂದು ಬೆಕ್ಕು. ಸಿದ್ದಮ್ಮ ಅದರ ಧೂಳು ಒರೆಸುತ್ತ ಎಷ್ಟೋ ವರ್ಷ ಕಳೆದಳು. ಎರಡು ವರ್ಷದ ಕೆಳಗೆ ಆ ರೂಮಿನಲ್ಲಿ ಧಾರವಾಡದ ಕಡೆಯ ಮೇಷ್ಟ್ರೊಬ್ಬರು ಇಳಿದಿದ್ದರು. ಇವಳು ಕೇಳಿದ್ದಾಳೆ, ಅವರು ಬಿಡಿಸಿ ಹೇಳಿದ್ದಾರೆ. ಅದು ರೋಡ್ಸ್ ಎಂಬ ದ್ವೀಪದ ಹಳೇ ಊರು, ಆರುನೂರು ವರ್ಷದ ಕೋಟೆಗೋಡೆಯ ಒಳಗೆ ಇವತ್ತಿಗೂ ಜನ ಒಲೆ ಹಚ್ಚುತ್ತಾರೆ, ಬಟ್ಟೆ ಒಗೆಯುತ್ತಾರೆ, ಲಾಡ್ಜು ನಡೆಸುತ್ತಾರೆ ಎಂದು. ಆಮೇಲೆ ಮೈಸೂರಿನಿಂದ ಬರುವ ಹೊಸ ಹೆದ್ದಾರಿಗೆ ಇವಳ ಜಮೀನಿನ ಅಂಚು ಹೋಗಿ ಪರಿಹಾರ ಬಂತು. ಮನೆಗೆ ತಾರಸಿ ಹಾಕಿಸಿದಳು, ಮಗಳ ಹೆಸರಿಗೆ ಬ್ಯಾಂಕಿನಲ್ಲಿಟ್ಟಳು. ಅಷ್ಟಾಗಿಯೂ ಒಂದಿಷ್ಟು ಉಳಿಯಿತಂತೆ. ಬೇರೆ ಯಾವ ಹೆಂಗಸಾದರೂ ಎರಡೆಳೆ ಸರ ಮಾಡಿಸಿಕೊಳ್ಳುತ್ತಿದ್ದಳು.

ಅವತ್ತು ಅವಳು ಕಾಫಿಗೆ ಬಂದಾಗ ನಾನು ಲೋಟ ಕುಕ್ಕಿದೆ.

"ಏನ್ ಸಿದ್ದಮ್ಮ, ಊರಿಗೆಲ್ಲ ಡಂಗುರ ಹೊಡೆಸಿದೀಯ, ನನಗೊಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳೋಕೆ ಏನೈತೆ ಅಕ್ಕ? ಇನ್ನೂ ರೂಮೇ ಸಿಕ್ಕಿಲ್ಲ."

"ಅಷ್ಟು ದೂರದಲ್ಲಿ ನಿನಗೇನೇ ಕೆಲಸ?"

"ಕೆಲಸ ಇಲ್ಲ, ಅದಕ್ಕೇ ಹೋಗೋದು. ಇಷ್ಟು ವರ್ಷ ಕಂಡೋರಿಗೆ ಹಾಸಿ ಕೊಟ್ಟಿದೀನಿ. ಐದು ದಿನ ಇನ್ನೊಬ್ರು ಹಾಸಿದ್ದರ ಮೇಲೆ ಮಲಗ್ಬೇಕು ಅಂತ ಆಸೆ."

"ಅದಕ್ಕೆ ಮೈಸೂರಿನ ಲಾಡ್ಜು ಸಾಲ್ದಾ?"

"ಮೈಸೂರಲ್ಲಿ ಹಾಸೋರೂ ನಮ್ಮ ಕಡೆಯೋರೇ ಅಲ್ವಾ ಅಕ್ಕ. ನೋಡ್ಕೊಂಡು ಸುಮ್ನೆ ಮಲಗೋಕಾಯ್ತದಾ? ನಾನೂ ಎದ್ದು ಒಂದು ತುದಿ ಹಿಡೀಬೇಕಾಯ್ತದೆ."

ಅವಳು ಲೋಟ ತೊಳೆದಿಟ್ಟು ಬಕೆಟ್ ಎತ್ತಿಕೊಂಡು ಮೇಲೆ ಹೋದಳು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ನಾನು ಗಟ್ಟಿಯಾಗಿಯೇ ಅಂದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸಲಿ ಎಂದೇ ಅಂದದ್ದು.

ಈಗ ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳಿಗೇನು ಬಂತು ಧಾಡಿ ಎಂದುಕೊಳ್ಳುತ್ತೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಸತೀಶರೂ ಸಿಂಗಾಪುರಕ್ಕೆಂದು ಪಾಸ್‌ಪೋರ್ಟ್ ಮಾಡಿಸಿದೆವು. ಆ ವರ್ಷ ಲಾಡ್ಜಿಗೆ ಸೋಲಾರ್ ಹಾಕಿಸಬೇಕಾಯಿತು. ಮರುವರ್ಷ ಅತ್ತೆಯವರ ಕಾಲು ಮುರಿಯಿತು. ಅದು ಸರಿಹೋಗುವಷ್ಟರಲ್ಲಿ ಪ್ರವಾಹ, ಆಮೇಲೆ ಕೊರೊನಾ. ಪಾಸ್‌ಪೋರ್ಟಿನ ಅವಧಿಯೂ ಮುಗಿಯಿತು, ಒಂದು ಹಾಳೆಗೂ ಮುದ್ರೆ ಬೀಳಲಿಲ್ಲ. ಕೇರಳ, ಆಂಧ್ರ, ಗುಜರಾತಿನಿಂದ ಬರುವವರಿಗೆಲ್ಲ ಕೀ ಕೊಡುತ್ತ, ದುಬಾರೆಗೆ ಹೇಗೆ ಹೋಗಬೇಕು, ಲಾಮಾಗಳ ಗೋಲ್ಡನ್ ಟೆಂಪಲ್ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಗಿಳಿಪಾಠ ಒಪ್ಪಿಸುತ್ತ ಕೌಂಟರಿನಲ್ಲೇ ನನಗೆ ನಲವತ್ತೊಂಬತ್ತಾಯಿತು. ಲಾಡ್ಜಿನ ಯಜಮಾನತಿ ನಾನು. ವಿಮಾನ ಹತ್ತುವವಳು ನನ್ನ ರೂಮು ಗುಡಿಸುವವಳು. ಯಾರಿಗಾದರೂ ಉರಿಯುತ್ತದೆ.

ಇನ್ನೊಂದು ಮುಳ್ಳು ಮೊದಲೇ ಇತ್ತು. ನಮ್ಮ ಲಾಡ್ಜು ಬುಕಿಂಗ್ ಆ್ಯಪಿನಲ್ಲಿದೆ. ಅಲ್ಲಿ ಜನ ಬರೆದದ್ದನ್ನು ಓದಿ ನೋಡಿ. 'ರೂಮು ಕನ್ನಡಿಯಂತಿತ್ತು, ಸಿದ್ದಮ್ಮ ಆಂಟಿಗೆ ಥ್ಯಾಂಕ್ಸ್.' 'ಮರೆತುಹೋದ ಉಂಗುರವನ್ನು ಸಿದ್ದಮ್ಮ ಎತ್ತಿಟ್ಟು ಕೊಟ್ಟರು.' 'ಮತ್ತೆ ಬಂದರೆ ಸಿದ್ದಮ್ಮನಿಗಾಗಿಯೇ ಬರುತ್ತೇವೆ.' ನನ್ನ ಬಗ್ಗೆ ಇರುವುದು ಒಂದೇ ಒಂದು: 'ಕೌಂಟರಿನಲ್ಲಿರುವ ಮೇಡಂ ಸ್ವಲ್ಪ ಸಿಡುಕು.' ಸಿಡುಕಂತೆ! ಬೆಳಿಗ್ಗೆ ಐದಕ್ಕೆ ಬಂದು ಬೆಲ್ ಬಾರಿಸಿದರೆ ಆರತಿ ಎತ್ತಬೇಕಿತ್ತೇನೋ.

ಇಷ್ಟೆಲ್ಲ ಉರಿದುಕೊಂಡವಳೇ ಅವಳಿಗೆ ರೂಮು ಹುಡುಕಿಕೊಡಲು ಕೂರಬೇಕಾಗಿ ಬಂದದ್ದು ನನ್ನ ಹಣೆಬರಹ. ಅನುಶ್ರೀ ಈಗ ಇಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ, ತಾಯಿಯ ಜೊತೆ ಹೊರಟವಳು ಅವಳೇ. ಹಗಲು ಅವಳಿಗೆ ಬಿಡುವಿಲ್ಲ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ, ಹಳೇ ಗಿರಾಕಿ ಹೋಗಿ ಹೊಸಬರು ಬರುವ ನಡುವಿನ ಹೊತ್ತಿನಲ್ಲಿ, ಸಿದ್ದಮ್ಮ ಮಗಳ ಟ್ಯಾಬು ತಂದು ಕೌಂಟರಿನ ಮೇಲಿಟ್ಟು, "ಇಂಗ್ಲಿಷು ಓದಿ ಹೇಳಿ ಅಕ್ಕ," ಎನ್ನುತ್ತಿದ್ದಳು. ಓದುವುದಿಲ್ಲ ಎನ್ನಬಹುದಿತ್ತು. ಆದರೆ ನೋಡುವ ಚಪಲ ನನಗೂ ಇತ್ತು.

ಮೊದಲನೆಯದು ಸಮುದ್ರ ಕಾಣುವ ರೂಮು, ಬಾಡಿಗೆಯೂ ಕಮ್ಮಿ. ನನಗೆ ಭಾರಿ ಹಿಡಿಸಿತು. ಸಿದ್ದಮ್ಮ ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡಿ ಮಂಚದ ಕಾಲು ನೋಡಿದಳು.

"ಬೇಡ ಅಕ್ಕ. ಗೋಡೆ ಬುಡ ನೋಡಿ, ಅರ್ಧ ಅಡಿ ಬಣ್ಣ ಬೇರೆ ಬಳಿದವ್ರೆ. ತೇವ ಏರೋದನ್ನ ಮುಚ್ಚವ್ರೆ."

ಇನ್ನೊಂದು ತೋರಿಸಿದೆ. "ಇದ್ರಲ್ಲಿ ಬಾತ್‌ರೂಮಿನ ಫೋಟೋನೇ ಇಲ್ವಲ್ಲ. ಬಾತ್‌ರೂಮ್ ತೋರಿಸ್ದೆ ಇರೋನು ಕಳ್ಳ," ಎಂದಳು. ಮತ್ತೊಂದರಲ್ಲಿ ಟವೆಲನ್ನು ಕೊಕ್ಕರೆಯ ಹಾಗೆ ಮಡಚಿ ಹಾಸಿಗೆ ಮೇಲೆ ಕೂರಿಸಿದ್ದರು. ಎಷ್ಟು ಚೆಂದ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, "ಟವೆಲು ಹಳೇದಾದ್ರೆ ಹಿಂಗೆ ಮಾಡೋದು, ತೂತು ಕಾಣ್ದಂಗೆ," ಎಂದಳು. ಅದು ನಾನೇ ಅವಳಿಗೆ ಕಲಿಸಿದ ಉಪಾಯ.

ಕೆಳಗೆ ಹೋಟೆಲಿದ್ದ ರೂಮು ಬೇಡ, ಪಾತ್ರೆ ಸದ್ದು. ಕೋಟೆ ಬಾಗಿಲ ಪಕ್ಕದ್ದು ಬೇಡ, ಒಳಗೆ ಗಾಡಿ ಬಿಡುವುದಿಲ್ಲವಾದ್ದರಿಂದ ಜನ ಬೆಳಗಿನ ಜಾವಕ್ಕೇ ಕಲ್ಲಿನ ಮೇಲೆ ಪೆಟ್ಟಿಗೆ ಎಳೆಯುತ್ತಾರೆ. ಮಹಡಿಯದ್ದಂತೂ ಬೇಡವೇ ಬೇಡ. ಇಪ್ಪತ್ತೊಂದು ವರ್ಷ ನಮ್ಮ ಮೆಟ್ಟಿಲು ಹತ್ತಿಳಿದು ಅವಳ ಮಂಡಿ ಸವೆದಿದೆ, ಅಲ್ಲಿನ ಹಳೇ ಮನೆಗಳಿಗೆ ಲಿಫ್ಟಿಲ್ಲ. ಹೀಗೆ ಹದಿನೈದು ದಿನ ಸೋಸಿದ ಮೇಲೆ ಉಳಿದದ್ದು ಒಂದೇ. ಹತ್ತು ರೂಮಿನ ಹಳೇ ಲಾಡ್ಜು, ನಡುವೆ ಅಂಗಳ, ಅಂಗಳದಲ್ಲಿ ನಿಂಬೆಮರ. ನೆಲಮಟ್ಟದಲ್ಲಿ ಇಬ್ಬರು ಮಲಗುವ ರೂಮು ಒಂದೇ ಒಂದು. ಸಿದ್ದಮ್ಮ ಆ ಹಾಸಿಗೆಯ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಮೂಲೆ ಮಡಿಕೆ ನೋಡಿ ಅಕ್ಕ. ಇದು ಸಂಬಳದೋರು ಮಡಚಿದ್ದಲ್ಲ, ಮನೆಯೋರೇ ಮಡಚವ್ರೆ. ಶೀಟು ಎಲ್ಲಿ ಒಣಗಿಸ್ತೀರಿ ಅಂತ ಕೇಳಿ. ಹಂಗೇ ಒಂದು ಬಕೆಟು, ಒಂದು ಚೊಂಬು ಸಿಗ್ತದಾ ಅಂತ."

"ಮಾನ ಕಳೀಬೇಡ ಕಣೆ! ಯಾರಾದ್ರೂ ಗ್ರೀಸಿಗೆ ಬರೆದು ಚೊಂಬು ಕೇಳ್ತಾರಾ?"

"ಕೇಳದೆ ಹೋಗಿ ಅಲ್ಲಿ ಒದ್ದಾಡ್ಲಾ?"

ಬರೆದೆ. ಮೂರನೇ ದಿನ ಉತ್ತರ ಬಂತು. ಯಜಮಾನತಿ ಸ್ತಮಾತಿಯಾ ಎನ್ನುವ ಮುದುಕಿ. ನಲವತ್ತು ವರ್ಷದಲ್ಲಿ ಶೀಟು ಎಲ್ಲಿ ಒಣಗಿಸುತ್ತೀರಿ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ, ತಾರಸಿಯ ಮೇಲೆ, ಸಮುದ್ರದ ಗಾಳಿಗೆ ಒಣಗಿಸುತ್ತೇನೆ, ಬಕೆಟ್ ಹೊಸದು ತಂದಿಡುತ್ತೇನೆ, ಚೊಂಬು ಎಂದರೇನೋ ಗೊತ್ತಿಲ್ಲ, ದೊಡ್ಡ ಲೋಟ ಆಗುತ್ತದೆಯೇ ಎಂದು ಬರೆದಿದ್ದಳು. ಓದಿ ಹೇಳಿದಾಗ ಸಿದ್ದಮ್ಮನ ಮುಖ ಊರಗಲವಾಯಿತು. ನಾನು ಹತ್ತು ವರ್ಷದಿಂದ ಆ ಆ್ಯಪಿನಲ್ಲಿದ್ದೇನೆ, ನನಗೆ ಯಾರೂ ಒಂದು ದಿನ ಹೀಗೆ ಬರೆದಿಲ್ಲ. ಮುದುಕಿಯ ಮೇಲೂ ನನಗೆ ಸಿಟ್ಟು ಬಂತು.

ಯಾವಾಗ ಹೋಗುವುದು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಅನುಮಾನವೇ ಇರಲಿಲ್ಲ. ಜುಲೈ. ಮಳೆಗಾಲವೆಂದರೆ ಆಫ್ ಸೀಸನ್, ಆಫ್ ಸೀಸನ್ ಎಂದರೆ ಅರ್ಧ ಬಾಡಿಗೆ. ಜುಲೈಯಲ್ಲಿ ನಮ್ಮ ಹನ್ನೊಂದು ರೂಮಿನಲ್ಲಿ ಎರಡು ತುಂಬಿದರೆ ಹೆಚ್ಚು. ಕೊಡಗಿನಲ್ಲಿ ಲಾಡ್ಜು ನಡೆಸುವ ಯಾರನ್ನೇ ಕೇಳಿ, ಇದನ್ನೇ ಹೇಳುತ್ತಾರೆ. "ಜುಲೈಲಿ ಹದಿನೈದು ದಿನ ಬೇಕಾದ್ರೂ ರಜ ತಗೋ," ಎಂದು ನಾನು ದೊಡ್ಡ ಮನಸ್ಸು ತೋರಿಸಿದೆ. ಖರ್ಚಿಲ್ಲದ ದೊಡ್ಡತನ. ಜುಲೈಗೆ ಆಫ್ ಸೀಸನ್ ರೇಟು ಎಷ್ಟು ಎಂದು ಗತ್ತಿನಿಂದಲೇ ಬರೆದೆ, ನಾವೂ ಇದೇ ಧಂದೆಯವರು, ನೋಡಿ ಹೇಳಿ ಎಂದೂ ಸೇರಿಸಿದೆ.

ಮುದುಕಿ ನಕ್ಕಳೋ ಏನೋ. ಜುಲೈ ಆಗಸ್ಟ್ ನಮ್ಮಲ್ಲಿ ಉರಿಬಿಸಿಲು, ಯುರೋಪಿನ ಜನರೆಲ್ಲ ಸಮುದ್ರಕ್ಕೆ ಬೀಳಲು ಬರುವ ಕಾಲ, ಬಾಡಿಗೆ ಎರಡೂವರೆ ಪಟ್ಟು, ಅದೂ ಎಲ್ಲ ರೂಮು ಭರ್ತಿ ಎಂದು ಬರೆದಳು. ಕೈಗೆಟುಕುವ ಬಾಡಿಗೆಗೆ ನೆಲಮಟ್ಟದ ರೂಮು ಖಾಲಿ ಇರುವುದು ಅಕ್ಟೋಬರ್ ಹದಿನೆಂಟರಿಂದ ಐದು ದಿನ ಮಾತ್ರ, ನವೆಂಬರ್ ಬಂದರೆ ಬಾಗಿಲು ಹಾಕುತ್ತೇನೆ ಎಂದೂ ಸೇರಿಸಿದ್ದಳು.

"ಅಲ್ಲಿ ಜುಲೈಲಿ ಮಳೆನೇ ಬರಲ್ವಂತಾ?" ಎಂದು ಸಿದ್ದಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಬೆರಳು ಮಡಚಿ ಎಣಿಸಿದಳು. ನಾನೂ ಗೋಡೆಯ ಕ್ಯಾಲೆಂಡರು ನೋಡಿದೆ. ಈ ಸಲ ತಲಕಾವೇರಿಯ ತೀರ್ಥೋದ್ಭವವೂ ಮಡಿಕೇರಿ ದಸರೆಯೂ ಬಂದದ್ದು ಒಂದೇ ವಾರದಲ್ಲಿ. ಸರಿಯಾಗಿ ಅದೇ ವಾರ. ಆ ವಾರ ಕುಶಾಲನಗರದಲ್ಲಿ ಜನ ವರಾಂಡದಲ್ಲಿ ಮಲಗುತ್ತೇವೆ ಎಂದರೂ ಜಾಗ ಸಿಗುವುದಿಲ್ಲ.

ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಹಬ್ಬದ ಒಬ್ಬಟ್ಟು ತಿಂದಷ್ಟು ಖುಷಿ.

"ಅಯ್ಯೋ ಪಾಪ, ದಸರಾ ವಾರ ಆಗಿಬಿಡ್ತಲ್ಲ ಸಿದ್ದಮ್ಮ," ಎಂದೆ. "ಆವಾಗ ನಿನ್ನ ಬಿಟ್ರೆ ಲಾಡ್ಜು ನಡೆಯುತ್ತಾ, ನೀನೇ ಹೇಳು."

"ನಮ್ಮ ಅತ್ತಿಗೆ ಮಗಳನ್ನ ಕಳಿಸ್ತೀನಿ ಅಕ್ಕ. ಕೆಲಸ ಹೇಳಿಕೊಟ್ಟಿರ್ತೀನಿ."

"ನೋಡೋಣ ಬಿಡು. ಇನ್ನೂ ಬೇಕಾದಷ್ಟು ದಿನ ಇದೆ."

ನೋಡೋಣ ಎಂದರೆ ಇಲ್ಲ ಎಂದರ್ಥ, ಅವಳಿಗೂ ಗೊತ್ತಿತ್ತು. ನೋಡೋಣ ನೋಡೋಣ ಎನ್ನುತ್ತಲೇ ಏಪ್ರಿಲ್‌ನಿಂದ ಆಗಸ್ಟ್ ತನಕ ಎಳೆದೆ. ಸತೀಶ್ ಒಂದು ದಿನ, "ಪಾಪ, ಹೋಗ್ಲಿ ಬಿಡೇ, ಒಂದು ವಾರ ನಾವಿಬ್ರು ಸೇರಿ ಗುಡಿಸಿದ್ರಾಯ್ತು," ಎಂದರು. ಪೊರಕೆ ಎಲ್ಲಿದೆ ಎಂದು ಕೇಳಿದರೆ ತಿಳಿಯದ ಮನುಷ್ಯ! "ನೀವು ಸುಮ್ನಿರಿ," ಎಂದೆ.

ಆಗಸ್ಟಿನಲ್ಲಿ ಒಂದು ದಿನ ಸಿದ್ದಮ್ಮ ಕೈ ಒರೆಸಿಕೊಳ್ಳುತ್ತ ಬಂದು ಕೌಂಟರಿನ ಮುಂದೆ ನಿಂತಳು. ಹೊರಗೆ ಮೂರು ದಿನದಿಂದ ಬಿಟ್ಟೂಬಿಡದ ಜಡಿಮಳೆ, ಇದ್ದ ಗಿರಾಕಿ ಒಬ್ಬನೇ.

"ಅಕ್ಕ, ವೀಸಾಕ್ಕೆ ಬೆಂಗಳೂರಲ್ಲಿ ಬರೋ ಬುಧವಾರ ಹನ್ನೊಂದು ಗಂಟೆಗೆ ಟೈಮ್ ಸಿಕ್ಕೈತೆ. ಅದು ಬಿಟ್ರೆ ಅಕ್ಟೋಬರ್ ಒಳಗೆ ಬೇರೆ ದಿನ ಇಲ್ವಂತೆ. ರೂಮು ಹಿಡಿದಿರೋ ಕಾಗದ ಬೇಕು, ಕೆಲಸ ಕೊಟ್ಟೋರು ರಜ ಕೊಟ್ಟಿರೋ ಕಾಗದ ಬೇಕು. ಎರಡ್ರಲ್ಲಿ ಒಂದು ಇಲ್ದಿದ್ರೂ ವಾಪಸ್ ಕಳಿಸ್ತಾರಂತೆ."

"ರೂಮು ಇನ್ನೂ ಹಿಡಿದಿಲ್ವಾ?"

"ನೀವು ರಜ ಕೊಡ್ದೆ ಹೆಂಗೆ ಹಿಡೀಲಿ? ಹೋಗೋದು ಖಾತ್ರಿ ಇಲ್ದೆ ರೂಮು ಹಿಡಿದ್ರೆ ಬೇರೆಯೋರಿಗೆ ಸಿಗೋದನ್ನ ತಪ್ಪಿಸ್ದಂಗೆ. ನಾನು ಹಂಗೆ ಮಾಡಲ್ಲ."

"ಸೋಮವಾರ ಹೇಳ್ತೀನಿ," ಎಂದೆ.

ಅವಳು ಹೋದಳು. ನನಗೆ ಒಳಗೆ ಏನಾಯಿತೋ. ಆ ನ್ಯಾಯದ ಮಾತಿಗೇ ಇನ್ನಷ್ಟು ಉರಿದಿರಬೇಕು. ಬೆಂಗಳೂರಿನ ಏಜೆಂಟರು ಪ್ರತಿ ದಸರೆಗೆ ನನ್ನ ನಾಲ್ಕು ರೂಮು ಬ್ಲಾಕ್ ಮಾಡಿಟ್ಟುಕೊಂಡು, ಹಿಂದಿನ ದಿನ ಸಂಜೆ 'ಕ್ಯಾನ್ಸಲ್ ಮೇಡಂ' ಎನ್ನುತ್ತಾರೆ. ಅಷ್ಟರಲ್ಲಿ ಕೇಳಿಕೊಂಡು ಬಂದ ಹತ್ತು ಸಂಸಾರವನ್ನು ನಾನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿರುತ್ತೇನೆ. ಆ ಏಜೆಂಟರಿಗೆ ನಾನು ಹಾಕಿದಷ್ಟು ಶಾಪ ಈ ರಸ್ತೆಯಲ್ಲಿ ಯಾರೂ ಹಾಕಿಲ್ಲ. ಹುಲ್ಲಿನ ಮೆದೆ ಮೇಲೆ ಮಲಗಿದ ನಾಯಿಗಳು, ತಾವೂ ತಿನ್ನುವುದಿಲ್ಲ, ದನಕ್ಕೂ ಬಿಡುವುದಿಲ್ಲ ಎಂದು ಬೈದಿದ್ದೇನೆ.

ಅಂಥ ನಾನು ಆ ಮಧ್ಯಾಹ್ನ ಕೌಂಟರಿನ ಕಂಪ್ಯೂಟರಿನಲ್ಲಿ ಸ್ತಮಾತಿಯಾಳ ಲಾಡ್ಜು ತೆರೆದೆ. ನೆಲಮಟ್ಟದ ರೂಮು, ಅಕ್ಟೋಬರ್ ಹದಿನೆಂಟರಿಂದ ಇಪ್ಪತ್ತಮೂರು. ಹೆಸರು ಸೌಮ್ಯ ಸತೀಶ್, ಊರು ಕುಶಾಲನಗರ. ಹೋಗುವ ಒಂದು ವಾರ ಮುಂಚಿನ ತನಕ ದುಡ್ಡಿಲ್ಲದೆ ರದ್ದು ಮಾಡಬಹುದು ಎಂದಿತ್ತು. ಒತ್ತಿದೆ. ಮೂರು ನಿಮಿಷದ ಕೆಲಸ. ರೂಮೇ ಇಲ್ಲದ ಮೇಲೆ ನಾನು ರಜ ಕೊಡಲಿಲ್ಲ ಎಂಬ ಮಾತೇ ಬರುವುದಿಲ್ಲವಲ್ಲ! ಎದ್ದು ಹೋಗಿ ಇನ್ನೊಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ. ಬಹಳ ದಿನದ ಮೇಲೆ ಬಾಯಿಗೆ ರುಚಿ ಹತ್ತಿತು.

ಶನಿವಾರ, ಭಾನುವಾರ ಸಿದ್ದಮ್ಮ ಎಂದಿನ ಹಾಗೆ ಬಂದಳು, ಹೋದಳು. ಸೋಮವಾರ ಬೆಳಿಗ್ಗೆ ಕಾಫಿಗೆ ಅಡುಗೆಮನೆಗೆ ಬರಲಿಲ್ಲ. ನೇರ ಕೌಂಟರಿಗೆ ಬಂದಳು.

"ಅಕ್ಕ, ಆ ರೂಮು ಹೋಯ್ತು."

"ಹೌದಾ? ಅಯ್ಯೋ, ಯಾರು ತಗೊಂಡ್ರಂತೆ?"

"ಅನು ನಿನ್ನೆ ಗ್ರೀಸಿನ ಆಯಮ್ಮಂಗೆ ಮೆಸೇಜ್ ಹಾಕಿದ್ಲು. ಆಯಮ್ಮ ಬರೆದವ್ರೆ, ನಿಮ್ಮೂರಿನ ಸೌಮ್ಯ ಅನ್ನೋರು ಆಗ್ಲೇ ಹಿಡಿದವ್ರೆ, ನೀವೆಲ್ಲ ಒಟ್ಟಿಗೆ ಬರ್ತಿದೀರಾ, ಮೇಲಿನ ಇನ್ನೊಂದು ರೂಮು ಕೊಡ್ಲಾ ಅಂತ."

ಕೈಯಲ್ಲಿದ್ದ ಪೆನ್ನನ್ನು ಕೌಂಟರಿನ ಮೇಲೆ ಕುಕ್ಕಿದೆ. ಸಿಟ್ಟೇ ಮುಂದೆ ಬಂತು. ತಪ್ಪು ಮಾಡಿ ಸಿಕ್ಕಿಬಿದ್ದಾಗ ನನಗೆ ಮೊದಲು ಬರುವುದು ಸಿಟ್ಟೇ.

"ಹೂಂ, ನಾನೇ ಹಿಡಿದಿರೋದು. ಏನೀಗ? ನಾನು ಹೋಗ್ಬಾರ್ದಾ? ನಾನೇನು ಈ ಕೌಂಟರಿಗೆ ಹುಟ್ಟಿದವಳಾ?"

ಸಿದ್ದಮ್ಮ ಸಿಟ್ಟಾಗಲಿಲ್ಲ. ನಗಲೂ ಇಲ್ಲ. ಗಿರಾಕಿ ಹೋದ ರೂಮಿನ ಬಾಗಿಲಲ್ಲಿ ನಿಂತು ಮೂಗೆಳೆಯುವಾಗ ಇರುತ್ತದಲ್ಲ, ಆ ಮುಖ.

"ಹೋಗೋದಾದ್ರೆ ಹೋಗ್ಬನ್ನಿ ಅಕ್ಕ. ನಿಜವಾಗ್ಲೂ ಹೇಳ್ತೀನಿ. ದಸರಾ ಪೂರ್ತಿ ಇಲ್ಲೇ ಇರ್ತೀನಿ, ಕೌಂಟರೂ ನೋಡ್ಕೋತೀನಿ, ರೂಮೂ ನೋಡ್ಕೋತೀನಿ. ನೀವೂ ಎಲ್ಲೂ ಹೋದೋರಲ್ಲ. ಆದ್ರೆ ಹೋಗಲ್ಲ ಅನ್ನೋದಾದ್ರೆ ರೂಮು ಬಿಡಿ. ಬ್ಲಾಕ್ ಮಾಡಿ ಖಾಲಿ ಇಡೋದು ಮಾತ್ರ ಬೇಡ. ಆಯಮ್ಮ ಅದಕ್ಕೆ ಹೊಸ ಬಕೆಟು ತರ್ತೀನಿ ಅಂದವ್ರೆ."

ಅವಳು ಬೈದಿದ್ದರೆ ನಾನು ಎರಡರಷ್ಟು ಬೈದು ಗೆಲ್ಲುತ್ತಿದ್ದೆ. 'ನೀವೂ ಎಲ್ಲೂ ಹೋದೋರಲ್ಲ' ಎಂದುಬಿಟ್ಟಳು. ಹನ್ನೊಂದು ವರ್ಷದಲ್ಲಿ ಆ ಮಾತನ್ನು ಸತೀಶ್ ಕೂಡ ಅಂದಿರಲಿಲ್ಲ.

"ನಾನೆಲ್ಲೂ ಹೋಗಲ್ಲ ಸಿದ್ದಮ್ಮ," ಎಂದೆ. "ಪಾಸ್‌ಪೋರ್ಟೇ ಸತ್ತುಹೋಗಿದೆ."

"ಗೊತ್ತು ಅಕ್ಕ."

"ಗೊತ್ತಿದ್ದೂ ಹೋಗ್ಬನ್ನಿ ಅಂದ್ಯಾ?"

"ಹೊಸದು ಮಾಡಿಸ್ಬೋದಲ್ಲ ಅಂತ ಅಂದೆ."

ಕಂಪ್ಯೂಟರ್ ಅವಳ ಕಡೆ ತಿರುಗಿಸಿ, ಅವಳು ನೋಡುತ್ತಿರುವಂತೆಯೇ ರದ್ದು ಮಾಡಿದೆ. ಅನುಶ್ರೀಗೆ ಫೋನ್ ಮಾಡಿ ಈಗಲೇ ಹಿಡಿ ಎಂದೆ. ಅವಳು ಲ್ಯಾಬಿನಲ್ಲಿ ಯಾರದೋ ತೋಳಿಗೆ ಪಟ್ಟಿ ಕಟ್ಟಿದ್ದಳಂತೆ, ಆ ಮನುಷ್ಯನನ್ನು ಹಾಗೇ ಕೂರಿಸಿ ರೂಮು ಹಿಡಿದಳು. ಎರಡು ನಿಮಿಷಕ್ಕೆ ಅಮ್ಮನ ಫೋನಿಗೆ ಕಾಗದ ಬಂತು. ಸಿದ್ದಮ್ಮ ಅದನ್ನು ನನಗೇ ಕೊಟ್ಟು ಓದಿಸಿದಳು. ನೆಲಮಟ್ಟದ ರೂಮು, ಇಬ್ಬರು, ಐದು ರಾತ್ರಿ. ಓದುವಾಗ ನನ್ನ ಹೊಟ್ಟೆ ಮತ್ತೆ ಉರಿಯಿತು. ಏನು ಮಾಡಲಿ, ತಿದ್ದಿಕೊಂಡ ಕೂಡಲೇ ಆರಿಹೋಗುವ ಬೆಂಕಿಯಲ್ಲ ಅದು.

ಆಮೇಲೆ ರಜದ ಕಾಗದ ಟೈಪ್ ಮಾಡಲು ಕೂತೆ. ಮಾದರಿಯನ್ನು ಅನುಶ್ರೀ ಮೊದಲೇ ಕಳಿಸಿದ್ದಳು. ಸಿದ್ದಮ್ಮ ಎಂಬುವರು ಇಪ್ಪತ್ತೊಂದು ವರ್ಷದಿಂದ ನಮ್ಮಲ್ಲಿ ಕೆಲಸದಲ್ಲಿದ್ದಾರೆ. ಹುದ್ದೆ ಎಂಬಲ್ಲಿ ಕ್ಲೀನರ್ ಎಂದು ಹೊಡೆದು, ಅಳಿಸಿ, ಹೌಸ್‌ಕೀಪಿಂಗ್ ಮುಖ್ಯಸ್ಥೆ ಎಂದು ಹಾಕಿದೆ. ಅವರಿಗೆ ಹತ್ತು ದಿನದ ರಜ ಕೊಡಲಾಗಿದೆ. ಹಿಂದಿರುಗಿದ ಮೇಲೆ ಇದೇ ಕೆಲಸಕ್ಕೆ ಹಾಜರಾಗುತ್ತಾರೆ. ಪ್ರಿಂಟ್ ತೆಗೆದು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ನನಗೇ ನನ್ನ ಮೇಲೆ ಒಂಚೂರು ಮೆಚ್ಚುಗೆ ಬಂದಿತ್ತು.

"ಕೊನೇ ಸಾಲು ತೆಗೀರಿ ಅಕ್ಕ," ಎಂದಳು.

"ಯಾಕೆ?"

"ಸುಳ್ಳಾಗ್ತದೆ. ಬಂದ್ಮೇಲೆ ನಾನು ಇಲ್ಲಿಗೆ ಕೆಲಸಕ್ಕೆ ಬರಲ್ಲ."

"ಆ ಸಾಲಿಲ್ದಿದ್ರೆ ವೀಸಾ ಕೊಡಲ್ಲ ಕಣೆ. ವಾಪಸ್ ಬರೋಕೆ ಕೆಲಸ ಇದೆ ಅಂತ ತೋರಿಸ್ಬೇಕು," ಎಂದೆ.

ಅವಳು ಬೀಗದ ಕೈ ಗೊಂಚಲು ಹಿಡಿದು ಯೋಚನೆ ಮಾಡಿದಳು.

"ಹಂಗಾದ್ರೆ ಬಂದು ಒಂದು ತಿಂಗಳು ಮಾಡ್ತೀನಿ. ಆಗ ಸುಳ್ಳಾಗಲ್ಲ. ಅಷ್ಟ್ರಲ್ಲಿ ನೀವು ಬೇರೆಯೋರ್ನ ನೋಡ್ಕೊಳಿ. ಇದು ಗೊತ್ತಿದ್ದೂ ಸೈನ್ ಹಾಕ್ತೀರಾ ಅಂತ ನಿಮ್ಮನ್ನ ನೀವೇ ಕೇಳ್ಕೊಳಿ. ಆಮೇಲೆ ಸಿದ್ದಮ್ಮ ಮೋಸ ಮಾಡಿದ್ಲು ಅನ್ಬಾರ್ದು."

"ನಾನು ರೂಮು ಬಿಟ್ಟೆನಲ್ಲ ಸಿದ್ದಮ್ಮ!"

"ಬಿಟ್ರಿ ಅಕ್ಕ. ಹಿಡ್ಕೊಂಡಿದ್ದೂ ನೀವೇ ಅಲ್ವಾ."

ಅಷ್ಟೇ ಅಂದಳು. ದನಿ ಏರಿಸಲಿಲ್ಲ. ನಾನು ಸೈನ್ ಹಾಕದಿದ್ದರೆ ಅವಳು ಇಲ್ಲೇ ಉಳಿಯುತ್ತಾಳೆ, ದಸರೆಗೂ ಉಳಿಯುತ್ತಾಳೆ, ಬಹುಶಃ ಮಂಡಿ ಪೂರ್ತಿ ಹೋಗುವ ತನಕ ಉಳಿಯುತ್ತಾಳೆ ಎಂಬುದು ನನಗೆ ತಿಳಿಯದೇ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದೆ. ಸೈನ್ ಹಾಕಿದೆ. ಲಾಡ್ಜಿನ ಸೀಲು ಒತ್ತಿದ್ದು ಓರೆಯಾಯಿತು, ಪಕ್ಕದಲ್ಲಿ ಇನ್ನೊಂದು ಒತ್ತಿದೆ.

ಸಿದ್ದಮ್ಮ ಕಾಗದವನ್ನು ಫ್ಯಾನಿನ ಗಾಳಿಗೆ ಹಿಡಿದು, ಶಾಯಿ ಒಣಗಿದ್ದನ್ನು ನೋಡಿಕೊಂಡು, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಳು. ನಾಲ್ಕನೇ ನಂಬರಿನವನು ಖಾಲಿ ಮಾಡುವ ಹೊತ್ತಾಗಿತ್ತು. ಬಕೆಟ್ ಎತ್ತಿಕೊಂಡು ಒಂದೊಂದೇ ಮೆಟ್ಟಿಲಿಗೆ ಕೈಯೂರಿ ಮೇಲೆ ಹತ್ತಿದಳು. ನಾನು ಕೌಂಟರಿನಲ್ಲೇ ಕೂತಿದ್ದೆ. ಆಗಲೂ ನನಗೆ ಆದದ್ದು ಹೊಟ್ಟೆಕಿಚ್ಚೇ. ಆ ದ್ವೀಪದ ಮೇಲಲ್ಲ, ನಿಂಬೆಮರದ ಮೇಲೂ ಅಲ್ಲ. ಇವಳು ಈ ಲಾಡ್ಜು ಬಿಟ್ಟು ಹೋಗಬಲ್ಲಳು, ನನ್ನಿಂದ ಆಗುವುದಿಲ್ಲ.